ಇಬ್ಬರು ಕೊರೆಂಟಿನ್ ಲೆ ಗೋಫ್

ನವೆಂಬರ್ ಒಂದು, ಸಕಲ ಸಂತರ ಹಬ್ಬ.

ಮದುವೆಯಾದಾಗಿನಿಂದ ಪ್ರತಿ ಹಬ್ಬಕ್ಕೂ ನಾನು ಕಲ್ಲು ತೊಳೆದು ಸೇವಂತಿಗೆ ಕುಂಡ ಇಟ್ಟುಬಂದ ಸಮಾಧಿ ನಮ್ಮ ಮಾವನದಲ್ಲವಂತೆ! ಮಾವನ ಮುಖ ಕಂಡವಳಲ್ಲ ನಾನು. ಅತ್ತೆಗೆ ನಡೆಯಲಾಗದು, ಗಂಡ ಕಡಲಿನಲ್ಲಿ. ಕಲ್ಲಿನ ಮೇಲೆ ಕೊರೆಂಟಿನ್ ಲೆ ಗೋಫ್ ಎಂದಿತ್ತು, ನಂಬಿದೆ.

ಯಾವಾಗಲೂ ನಸುಕಿಗೇ ಹೋಗಿಬರುವವಳಿಗೆ ಇವತ್ತು ತಡವಾಯಿತು. ಸ್ವಾಜಿಗ್ ಎಂಬ ಹೆಂಗಸು ಬಂದು ನಿಂತು, ಯಾರೆಂದು ಕೇಳಿದಳು. ಮಾವನಿಗೆ ಹೂ ತಂದೆ ಎಂದೆ.

"ಓಹೋ, ಆ ಹೂವಿನವಳು ನೀನೇನಾ! ಇದು ನಮ್ಮಪ್ಪನ ಗೋರಿ ಕಣೇ. ಈ ಹೂ ನೋಡಿ, ಅಪ್ಪ ಯಾರನ್ನೋ ಇಟ್ಕೊಂಡಿದ್ದ ಅಂತ ನಮ್ಮಮ್ಮ ಇವತ್ತಿಗೂ ಅಳ್ತಾಳೆ. ನಿಮ್ಮೋನು ಅಗೋ, ಗೋಡೆ ಪಕ್ಕ."

"ಇಬ್ರಿಗೂ ಒಂದೇ ಹೆಸರು ಹ್ಯಾಗಕ್ಕಾ?"

"ನಮ್ಮ ಬ್ರೆಟನ್ ಮಾತಲ್ಲಿ ಗೋಫ್ ಅಂದ್ರೆ ಕಮ್ಮಾರ. ಊರಿಗೊಬ್ಬ ಕಮ್ಮಾರ ಇದ್ದ, ಅವನ ಸಂತಾನವೆಲ್ಲ ಲೆ ಗೋಫ್. ಇಲ್ಲಿ ಕಲ್ಲೆಸೆದ್ರೆ ಲೆ ಗೋಫ್‌ಗೇ ತಗಲತ್ತೆ. ಕೊರೆಂಟಿನ್ ಈ ಸೀಮೆ ಸಂತ, ಹುಟ್ಟಿದ ಗಂಡಿಗೆಲ್ಲ ಅದೇ ಹೆಸರು."

ಹಾಗಾದರೆ ಇವರು ನಮಗೆ ನೆಂಟರೋ ಅಲ್ಲವೋ? ನಮ್ಮ ಮನೆಯಲ್ಲಿ ಸುತ್ತಿಗೆ ಹಿಡಿದವರೇ ಇಲ್ಲ, ಎಲ್ಲ ಬಲೆಯವರು. ಅರ್ಧಕ್ಕೆ ಶಾಲೆ ಬಿಟ್ಟ ತಲೆಗೆ ಇದು ಹತ್ತುವುದಿಲ್ಲ. ಗಂಡನ ಕುಡಿತ, ಹೊಟ್ಟೆಯಲ್ಲೇ ಹೋದ ಕೂಸು, ಎಲ್ಲವನ್ನೂ ಆ ಪರಗಂಡಸಿನ ಮುಂದೆ ಹೇಳಿಕೊಂಡೆನಲ್ಲ! ಅತ್ತೆಗೆ ತಿಳಿದರೆ ಎದೆ ಒಡೆದುಕೊಳ್ಳುತ್ತಾರೆ. ಹೇಳದಿದ್ದರೆ ಪಾಪವೇ?

ಕುಂಡ ಎತ್ತಿಕೊಳ್ಳಹೋದೆ. ಸ್ವಾಜಿಗ್ ಕೈ ಹಿಡಿದಳು. "ಇರಲಿ ಬಿಡೇ, ಅಪ್ಪನಿಗೆ ಅಭ್ಯಾಸ ಆಗಿಹೋಗಿದೆ."

ಬರಿಗೈಯಲ್ಲಿ ಗೋಡೆಯ ಹತ್ತಿರ ಹೋದೆ. ಕಲ್ಲಿನ ತುಂಬ ಪಾಚಿ. ನಾನು ನಿಮ್ಮ ಸೊಸೆ ಎಂದೆ, ಹೆಸರೂ ಹೇಳಿದೆ. ಇಷ್ಟು ವರ್ಷ ಎಲ್ಲಿದ್ದೆ ಮಗಳೇ ಎಂದು ಅವರೇನಾದರೂ ಕೇಳಿದರೆ ಏನು ಹೇಳಲಿ?