ಮಾಳಿಗೆಯ ಮೇಲಿನ ಗಾಜು

೯ ನವೆಂಬರ್ ೧೯೮೭
ಸುರಪುರಕ್ಕೆ ಹೋದದ್ದು ದಂಡ. ಗುಜರಿಯಲ್ಲಿ ಬಾಗಿಲಿನ ಎರಡು ಹಿಡಿ ಸಿಕ್ಕವು, ಒಂದು ಹಾರನ್. ನನ್ನ ಹಳೆ ಲ್ಯಾಂಡ್‌ಮಾಸ್ಟರ್ ಕಾರಿನ ಮುಂದಿನ ಗಾಜು ಇಲ್ಲ. ಹುಣಸಗಿಯಲ್ಲೂ ಇಲ್ಲ. ಹೈದರಾಬಾದಿನಲ್ಲಿ ಇದೆಯಂತೆ. ಆ ಬೆಲೆಗೆ ಒಂದು ಎತ್ತು ಬರುತ್ತದೆ.
ಎಂಜಿನ್ ನಡೆಯುತ್ತದೆ. ಬ್ರೇಕ್ ಹಿಡಿಯುತ್ತದೆ. ಗಾಜೊಂದೇ...
ಅಪ್ಪ ಊಟಕ್ಕೆ ಕೂತು ಶುರು ಮಾಡಿದ. "ಈ ಸಲ ಕೆನಾಲ್ ನೀರು ಬಂದದ. ಭತ್ತ ಎಲ್ಲಿ ಇಡ್ಲಿ, ನಿನ್ನ ಕಾರಿನ ತಲಿ ಮ್ಯಾಲ? ರಾಶಿ ಆಗೂದ್ರಾಗ ಕೊಟ್ಟಿಗಿ ಖಾಲಿ ಮಾಡು. ಇಲ್ಲಂದ್ರ ಗುಜರಿಯಾಂವಗ ಕೊಡ್ತೀನಿ."
ಮಧ್ಯಾಹ್ನ ಅದೇ ಕಾರಿನ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುವವನೂ ಅವನೇ.

೧೨ ನವೆಂಬರ್
ನಾನು ದುಡಿಯುವ ಗ್ಯಾರೇಜಿನ ಮೇಸ್ತ್ರಿ ರಂಗಣ್ಣ ಸುದ್ದಿ ತಂದ. "ನಿನ್ನ ಗಾಜು ಮುದನಾಳದಾಗ ಅದ. ಇಸ್ಮಾಯಿಲಸಾಬನ ಮನಿ ಮಾಳಿಗಿ ಮ್ಯಾಲ. ಬೆಳಕಿಂಡಿ ಮಾಡ್ಯಾರ."
ಚೇಷ್ಟೆ ಅಂದುಕೊಂಡೆ.

೧೫ ನವೆಂಬರ್, ರಾತ್ರಿ
ಚೇಷ್ಟೆಯಲ್ಲ. ಮಣ್ಣಿನ ಮಾಳಿಗೆ, ನಡುವೆ ಸುಣ್ಣದಲ್ಲಿ ಕೂಡಿಸಿದ ಗಾಜು. ಅದರ ಮೇಲೆ ಒಂದು ಕೋಳಿ. ದಾರ ಹಿಡಿದು ಅಳೆದೆ— ಅದೇ ಅಳತೆ, ಅದೇ ಬಾಗು.
ಕೆಳಗೆ ಆ ಬೆಳಕಿನಲ್ಲಿ ಕೂತು ಕೌದಿ ಹೊಲಿಯುವವರು ಇಸ್ಮಾಯಿಲಸಾಬರ ತಾಯಿ, ಖಾಸಿಂಬೀ. ಗಂಡ ಲಾರಿ ಡ್ರೈವರ್ ಆಗಿದ್ದರಂತೆ. ಮದುವೆಯಾದ ಹೊಸದರಲ್ಲಿ, ಪಲ್ಟಿಯಾದ ಯಾವುದೋ ಕಾರಿನಿಂದ ತಂದು ಕೂಡಿಸಿದ್ದು.
ಇಸ್ಮಾಯಿಲಸಾಬ ನನ್ನನ್ನು ಹೊರಗೆ ಕರೆದ. "ಅಮ್ಮಿ ಶುಕ್ರವಾರ ಶಾದಿಗೆ ಹೋಗ್ತಾಳ. ಆವಾಗ ಬಾ. ಗಾಜು ನೀ ಒಯ್ಯಿ, ನಾ ತಗಡು ಹೊಚ್ಚತೀನಿ. ಮಳಿಗಾಲಕ್ಕ ಸೋರಿ ಸೋರಿ ಸಾಕಾಗ್ಯಾದ."
"ಅಮ್ಮಿಗ ಹೇಳೂದಿಲ್ಲೇನ್ರಿ?"
"ಹೇಳಿದ್ರ ಕೊಡ್ತಾಳೇನು? ನಿನಗ ಗಾಜು ಬೇಕೋ, ಪಂಚಾಯತಿ ಬೇಕೋ?"
ಒಳಗೆ ಹೋಗಿ ಕೇಳಿಬಿಟ್ಟೆ. ಅಮ್ಮಿ ತಲೆ ಎತ್ತಲಿಲ್ಲ. "ನಾ ಸತ್ತು ನನ್ನ ಮಯ್ಯತ್ ಎದ್ದ ಮ್ಯಾಲ ಒಯ್ಯಿ ಬೇಟಾ. ಈಗ ಚಾ ಕುಡಿ."

೨೨ ನವೆಂಬರ್
ಮತ್ತೆ ಹೋದೆ. ಕಿಟಕಿಯ ಎರಡು ಗಾಜು, ಅಂಟಿಸಲು ಪುಟ್ಟಿ ಒಯ್ದಿದ್ದೆ. "ಇವನ್ನ ಕೂಡಸ್ತೀನ್ರಿ ಅಮ್ಮಿ. ಸೋರಂಗಿಲ್ಲ, ಬೆಳಕೂ ಜಾಸ್ತಿ."
"ಯಾವಾಗಿಂದ ಬೆಳಕು ಮಾರಾಕತ್ತೀ? ಸುಮ್ನ ಈ ಸೂಜಿಗಿ ದಾರ ಪೋಣಿಸು."
ಪೋಣಿಸಿ ಕೊಟ್ಟೆ. ಆಗ ಕೌದಿ ನೋಡಿದೆ. ಮೂರು ಅಂಚಿಗೆ ಕೆಂಪು, ನಾಲ್ಕನೆಯದಕ್ಕೆ ಹಸಿರು. ಹೊಲಿಗೆ ದಾರಿ ತಪ್ಪಿದ ಇರುವೆಸಾಲು. ಗಳದ ಮೇಲಿದ್ದ ಹಳೆಯ ಕೌದಿಗಳಲ್ಲಿ ಒಂದು ಟಾಕೂ ಸೊಟ್ಟಗಿಲ್ಲ.
ಸೊಸೆ ಮಮ್ತಾಜ ಒಲೆಯ ಮುಂದಿನಿಂದ ನನಗೆ ತಲೆ ಅಲ್ಲಾಡಿಸಿದಳು— ಹೇಳಬೇಡ.
ಹೇಳಿದೆ. "ಅಮ್ಮಿ, ಇದು ಕೆಂಪಲ್ಲ. ಹಸಿರು. ನಿಮಗ ಕಾಣಂಗಿಲ್ಲೇನ್ರಿ?"
ಅಮ್ಮಿ ಕೌದಿ ಮಡಚಿ ಬದಿಗಿಟ್ಟರು.
"ಹೊರಗ ಹೋಗು."
ಚಹಾ ಇಲ್ಲ.

೬ ಡಿಸೆಂಬರ್
ಎಲ್ಲೂ ಹೋಗಿಲ್ಲ. ಕಾರಿನ ಮೇಲೆ ತಾಡಪತ್ರಿ.
ಅಪ್ಪನಿಗೆ ಹೇಗೋ ಗೊತ್ತಾಗಿದೆ. "ಬಾಯಿ ಮುಚ್ಚೂದು ಗೊತ್ತಿದ್ರ ಸಾಲಿನೂ ಬಿಡ್ತಿದ್ದಿಲ್ಲ, ಗಾಜೂ ಸಿಗ್ತಿತ್ತು." ನಿಜ. ಮೇಷ್ಟ್ರ ಲೆಕ್ಕ ತಪ್ಪು ಅಂದಿದ್ದೆ, ಎಲ್ಲರ ಮುಂದೆ. ಮಾಫಿ ಕೇಳು ಅಂದರು. ಲೆಕ್ಕ ತಪ್ಪೇ ಇತ್ತು...
ಅಮ್ಮಿಗೆ ಒಬ್ಬರೇ ಇದ್ದಾಗ ಹೇಳಬಹುದಿತ್ತು. ಅದು ಆಗ ಹೊಳೆಯಲಿಲ್ಲ.

೧೧ ಡಿಸೆಂಬರ್
ಇಸ್ಮಾಯಿಲಸಾಬ ಗ್ಯಾರೇಜಿಗೆ ಬಂದ. ಹೆಗಲ ಮೇಲೆ ಕೌದಿಯಲ್ಲಿ ಸುತ್ತಿದ ಗಾಜು!
"ಅಮ್ಮಿ ಕಳಿಸ್ಯಾಳ. ಒಂದು ಶರತ್ತು. ಯಾದಗಿರಿಯಾಗ ಕಣ್ಣಿನ ಕ್ಯಾಂಪ್ ಅದ. ವರ್ಷಾತು ಕರಿಯಾಕತ್ತು, ಒಲ್ಲೆ ಅಂತಿದ್ಳು. ಈಗ ಬರ್ತಾಳಂತ. ಆದ್ರ ನಿನ್ನ ಕಾರಿನಾಗೇ. ಸುಳ್ಳು ಹೇಳದ ಡ್ರೈವರ್ ಬೇಕಂತ."
ಮಾಳಿಗೆಗೆ ಸದ್ಯ ಗೋಣಿಚೀಲ ಹೊಚ್ಚಿದ್ದಾರಂತೆ. ನಾಳೆ ಮುದನಾಳ. ಮೊದಲು ಅವರ ಗಾಜು, ಆಮೇಲೆ ನನ್ನದು.

೧೯ ಡಿಸೆಂಬರ್, ಯಾದಗಿರಿ
ಕಾರಿನ ಮೊದಲ ಸವಾರಿ. ಅಮ್ಮಿ ಮುಂದಿನ ಸೀಟು, ಮಗ-ಸೊಸೆ ಹಿಂದೆ. ದಾರಿಯುದ್ದಕ್ಕೂ ಪ್ರಶ್ನೆ.
"ಈಗೇನು ಬಂತು?"
"ಜ್ವಾಳದ ಹೊಲ. ಎಮ್ಮಿ. ಒಬ್ಬಾಂವ ನಮ್ಮನ್ನ ನೋಡಿ ನಗಾಕತ್ತಾನ."
"ಯಾಕ?"
"ಕಾರು ಹೊಗಿ ಬಿಡಾಕತ್ತದರಿ."
ನಕ್ಕು ನಕ್ಕು ಅವರಿಗೆ ಕೆಮ್ಮು.
ಕ್ಯಾಂಪಿನ ಬಾಗಿಲಲ್ಲಿ ಅಮ್ಮಿ ನಿಂತುಬಿಟ್ಟರು. ನೋವು ಆಗ್ತದೇನು? ಇಲ್ಲ, ಇಲ್ಲ ಅಂದರು ಎಲ್ಲರೂ. ನನ್ನ ಕಡೆ ತಿರುಗಿದರು.
"ನನಗ ಗೊತ್ತಿಲ್ರಿ ಅಮ್ಮಿ. ಆಗಬಹುದು. ನಾ ಇಲ್ಲೇ ಇರ್ತೀನಿ."
ಕೈ ಗಟ್ಟಿಯಾಗಿ ಹಿಡಿದು, ಬಿಟ್ಟು, ಒಳಗೆ ಹೋದರು.

೨೪ ಡಿಸೆಂಬರ್, ಬೆಳಿಗ್ಗೆ ೧೧
ಪಟ್ಟಿ ಬಿಚ್ಚಿದರು. ಎಲ್ಲರೂ ಔಷಧಿಗೆ ನಿಂತಿದ್ದಾರೆ, ಅಷ್ಟರಲ್ಲಿ ಬರೆದುಬಿಡುತ್ತೇನೆ. ಸ್ಟೇರಿಂಗ್ ಮೇಲಿಟ್ಟು.
ಅಪ್ಪನೂ ಬಂದಿದ್ದಾನೆ. ಗೋಣಿಚೀಲ ಕೊಳ್ಳಲಿಕ್ಕಂತೆ. ಹೊಸ ಧೋತರ ಉಟ್ಟು!
ಅಮ್ಮಿ ಹೊರಬಂದು ಮಮ್ತಾಜಳ ಕೈ ಬಿಡಿಸಿಕೊಂಡರು. ಹಣೆಗೆ ಕೈ ಅಡ್ಡ ಹಿಡಿದು ನಿಂತರು. ಕಾರಿನ ಸುತ್ತ ಒಂದು ಸುತ್ತು ಬಂದರು, ನಿಧಾನ. ಬಾನೆಟ್ ಮುಟ್ಟಿದರು. ಬಾಗಿ ನೋಡಿದರು.
"ಈ ಬಣ್ಣ ಯಾವ ಕತ್ತೆ ಹೊಡದದ?"
ಅಪ್ಪ ನನ್ನ ಕಡೆ ಬೆರಳು ತೋರಿಸಿದ. ಮಮ್ತಾಜ ನಗುತ್ತ ಅಳುತ್ತಿದ್ದಳು. ನಾನು ಏನಾದರೂ ಅನ್ನಬೇಕಿತ್ತು, ಮಾತೇ ಹೊರಡಲಿಲ್ಲ. ಮೊದಲ ಸಲ—
ಬಂದರು. ಅಮ್ಮಿಯೇ ಮುಂದೆ, ಯಾರ ಕೈಯೂ ಹಿಡಿಯದೆ. ಬಾಗಿಲು ತೆರೆಯಬೇಕು.