ಇಳಿಜಾರಿಗೆ ಹಾಕಿದ ರುಜು

ಸೋಮವಾರ, ಹನ್ನೆರಡನೇ ತಾರೀಖು

ಗುಬ್ಬಿಗೆ ಮಾವನ ನೂರೊಂದು ಆಶೀರ್ವಾದ.

ನಿನ್ನ ವಿಶ್ವವಿದ್ಯಾಲಯವನ್ನು ಅಡಿಪಾಯದಿಂದ ಗಡಿಯಾರದ ಗೋಪುರದವರೆಗೆ ಒಬ್ಬನೇ ಕಟ್ಟಿದವನು ನಾನು. ಕುಲಪತಿಗಳು ಇವತ್ತಿಗೂ ನನ್ನನ್ನು ಕೇಳದೆ ಗೋಡೆಗೆ ಒಂದು ಮೊಳೆ ಹೊಡೆಸುವುದಿಲ್ಲ. ನಗಬೇಡ, ನಿನ್ನ ಮುರಿದ ಮಣಿಕಟ್ಟು ನೋಯುತ್ತದೆ.

ಸರಿ, ಅಷ್ಟೂ ನಾನು ಕಟ್ಟಿಲ್ಲ. ಗ್ರಂಥಾಲಯದ ಬಾಗಿಲಿಗೆ ಗಾಲಿಕುರ್ಚಿ ಹತ್ತಲೆಂದು ಮಾಡಿದ ಇಳಿಜಾರು ಮಾತ್ರ ನನ್ನದು. ನೀನು ಕುರ್ಚಿ ಸಮೇತ ಹಿಂದಕ್ಕೆ ಉರುಳಿದೆಯಲ್ಲ, ಅದೇ. ಆಸ್ಪತ್ರೆಯಲ್ಲಿ ನೀನು ಅದನ್ನು ಕಟ್ಟಿದವನಿಗೆ ಕಣ್ಣಿರಲಿಲ್ಲವೇ ಎಂದು ಅತ್ತಾಗ, ಅವನ ಕೈಗೆ ಹುಳ ಬೀಳಲಿ ಎಂದು ನಾನೂ ಬೈದೆ. ಜೋರಾಗಿಯೇ ಬೈದೆ.

ಎಲ್ಲ ಥರದ ಮಕ್ಕಳೂ ಓದಲಿ ಎಂದು ಅಲ್ಲೊಂದು ಸಮಿತಿ ಇದೆ. ಅದರ ಜನ ಪರಿಶೀಲನೆಗೆ ಬರುವ ಮುಂಚೆ ಇಳಿಜಾರು ಮುಗಿಸು ಎಂದರು ಎಂಜಿನಿಯರ್ ಸಾಹೇಬರು. ನಕ್ಷೆಯಲ್ಲಿದ್ದಷ್ಟು ಉದ್ದ ಕಟ್ಟಿದರೆ ಅವರ ಕಾರಿಗೆ ಜಾಗ ಇರುತ್ತಿರಲಿಲ್ಲ. ಅರ್ಧ ಸಾಕೆಂದರು, ಕಡಿದಾಗಿ ಎಬ್ಬಿಸಿದೆ. ಪರೀಕ್ಷೆ ಮಾಡದೆ ಬಿಟ್ಟೆನೇ? ಕೈಗಾಡಿಗೆ ಎರಡು ಮೂಟೆ ಸಿಮೆಂಟು ಹೇರಿ ಒಂದೇ ಉಸಿರಿಗೆ ಮೇಲೆ ತಳ್ಳಿದೆ. ಇಷ್ಟು ಭಾರವೇ ಹತ್ತಿದ ಮೇಲೆ ನಮ್ಮ ಗುಬ್ಬಿ ಹತ್ತುವುದೇನು ಮಹಾ ಎಂದು ಮೀಸೆ ತಿರುವಿದೆ. ಮೂಟೆಗಳನ್ನು ಹಿಂದಿನಿಂದ ತಳ್ಳಲು ನಾನಿದ್ದೆ. ನೀನು ಕೂತಲ್ಲಿಂದ ನಿನ್ನ ಕೈಯಿಂದಲೇ ಚಕ್ರ ತಿರುಗಿಸಬೇಕೆಂಬುದು ತಲೆಗೇ ಹೊಳೆಯಲಿಲ್ಲ. ನಕ್ಷೆಯ ಪ್ರಕಾರವೇ ಇದೆ ಎಂಬ ಕಾಗದಕ್ಕೆ ಅಂಕುಡೊಂಕಾಗಿ ರುಜು ಹಾಕಿದೆ.

ಬಿದ್ದ ಮೇಲೆ ನಿನಗೆ ತರಗತಿಗೆ ಹೋಗಲಾಗಿಲ್ಲ. ಈಗ ಅದೇ ಕಾಗದ ಹಿಡಿದು, ಸೌಲಭ್ಯ ಕೊಟ್ಟರೂ ಹುಡುಗಿ ತರಗತಿಗೆ ಬರುತ್ತಿಲ್ಲ ಎಂದು ನಿನ್ನ ಹೆಸರು ಹೊಡೆದುಹಾಕಲು ಹೊರಟಿದ್ದಾರೆ. ಇವತ್ತು ಸಮಿತಿಯ ಮುಂದೆ ನಿಂತು, ಆ ರುಜು ಸುಳ್ಳು ಎಂದೆ. ಅಧ್ಯಕ್ಷೆ ಕನ್ನಡಕ ತೆಗೆದು, ಕುಡಿದು ಬಂದಿದ್ದೀಯೇನಪ್ಪಾ ಎಂದು ಕೇಳಿದರು. ಕುಡಿದಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದೆ ಎಂದೆ. ಯಾರೂ ನಗಲಿಲ್ಲ. ಬರೆದುಕೊಡು ಎಂದರು, ಕೊಟ್ಟೆ. ಸಾಹೇಬರು ತಮಗೇನೂ ಗೊತ್ತಿಲ್ಲ ಎಂದರು. ನಿನ್ನ ಹೆಸರು ಉಳಿಯುತ್ತದೋ ಇಲ್ಲವೋ ಹದಿನೈದು ದಿನದಲ್ಲಿ ತಿಳಿಸುತ್ತಾರಂತೆ. ನನ್ನ ವಿಷಯವನ್ನು ಮಾತ್ರ ಅಲ್ಲೇ ತೀರ್ಮಾನಿಸಿದರು.

ಬೈಯುವುದಿದ್ದರೆ ಬೈ, ಆದರೆ ಪುಸ್ತಕ ಮಾತ್ರ ಕಟ್ಟಿಡಬೇಡ.

ನಿನ್ನ ಮುಂದೆ ಬರಲು ಮುಖವಿಲ್ಲದೆ ಬರೆದ,
ಮಾವ

ಮರೆತ ಮಾತು: ಆ ಕೆಲಸ ಹಿಡಿಯಲು ಠೇವಣಿ ಕಟ್ಟಬೇಕಿತ್ತು. ನಿನ್ನ ಮುಂದಿನ ವರ್ಷದ ಫೀಸಿಗೆಂದು ನಿನ್ನಮ್ಮ ನನ್ನ ಕೈಲಿಟ್ಟ ದುಡ್ಡನ್ನೇ ಕಟ್ಟಿದ್ದೆ. ಸುಳ್ಳು ರುಜು ಎಂದು ಒಪ್ಪಿಕೊಂಡಿದ್ದಕ್ಕೆ ಅದನ್ನು ಮುಟ್ಟುಗೋಲು ಹಾಕಿಕೊಂಡರು. ಐದೋ ಆರೋ ಸಾವಿರ ಎಂದು ಬರೆದು ಹೊಡೆದುಹಾಕಿದ್ದೇನೆ, ನೋಡು. ಹೋದದ್ದು ನಲವತ್ತೊಂದು ಸಾವಿರದ ಆರುನೂರು. ಅಷ್ಟೂ.