ಆಮೆಚಿಪ್ಪಿನ ಬಾಚಣಿಗೆ

ಶಿಡ್ಲಘಟ್ಟ,
೧೫ ಜನವರಿ ೧೯೮೯

ಪ್ರೀತಿಯ ಗೌಹರ್ ಬೇಟಿಗೆ,

ಸಲಾಂ, ದುವಾ. ಕೆಮ್ಮು ಹೋಯಿತೇ? ಹೊನ್ನಾವರದ ಕಡಲಗಾಳಿಯಲ್ಲಿ ಓಡಾಡುವವಳು, ತಲೆಗೆ ಏನಾದರೂ ಸುತ್ತಿಕೊ. ನನ್ನ ಮೊಣಕಾಲು ಹಾಗೇ ಇದೆ. ಡಾಕ್ಟರು ‘ಕ್ರಾನಿಕ್’ ಅಂದರು. ಕಾಲೇಜಿನಲ್ಲಿ ಓದಿದ ಪದ, ಅರ್ಥ ಮರೆತಿದೆ, ಒಳ್ಳೆಯದೇನೂ ಇರಲಾರದು.

ಪಕ್ಕದ ಮನೆಯ ಆಂಜಿನಮ್ಮ ನಿನ್ನ ಕೆಲಸದ ಬಗ್ಗೆ ದಿನಾ ಕಾಡುತ್ತಿದ್ದಳು: “ಏನ್ ಸಾಬ್ರೇ, ಕುರಿ ಕಾಯೋರ್ನ ನೋಡಿದ್ದೀನಿ, ಆಮೆ ಕಾಯಕ್ಕೂ ಬಿ.ಎಸ್ಸಿ. ಮಾಡ್ಬೇಕಾ?” ಮೊನ್ನೆ ಕೂರಿಸಿ ಹೇಳಿದೆ. ನಾವು ಮೂವತ್ತು ವರ್ಷ ರೇಷ್ಮೆನೂಲು ತೆಗೆದವರು, ಎಷ್ಟು ಗೂಡನ್ನು ಕುದಿನೀರಿಗೆ ಹಾಕಿದೆವೋ ಅಲ್ಲಾಹನಿಗೇ ಗೊತ್ತು. ಆದರೂ ಬಿತ್ತನೆ ಗೂಡನ್ನು ಯಾರಾದರೂ ಕುದಿಸುತ್ತಾರೆಯೇ? ಬೇರೆ ಇಟ್ಟು, ಚಿಟ್ಟೆ ಹೊರಬಂದು ಮೊಟ್ಟೆಯಿಡುವ ತನಕ ಕಾಯುತ್ತೇವೆ. ಇಲ್ಲದಿದ್ದರೆ ಮುಂದಿನ ಬೆಳೆಯೇ ಇಲ್ಲ. ಅಲ್ಲಿ ಕಡಲತೀರದಲ್ಲಿ ಜನ ಮರಳು ಬಗೆದು ಆಮೆಯ ಮೊಟ್ಟೆ ಒಯ್ದು, ಇಡಲು ಬಂದ ತಾಯಿಯನ್ನೂ ಕೊಂದರೆ ಬಿತ್ತನೆಗೆ ಏನುಳಿಯಿತು? ಸಾವಿರ ಮರಿಗಳಲ್ಲಿ ಒಂದೋ ಎರಡೋ ದೊಡ್ಡವಾಗುತ್ತವೆ, ಅದಕ್ಕೂ ಹತ್ತು ಹದಿನೈದು ವರ್ಷ ಬೇಕು ಎಂದು ನೀನೇ ಬರೆದಿದ್ದೆ. ನಮ್ಮ ಹುಳುವಿಗಾದರೆ ಇಪ್ಪತ್ತೈದು ದಿನ ಸಾಕು. ಈಗ ಆಂಜಿನಮ್ಮ “ನಿಮ್ ಆಮೆಗಳು ಹೆಂಗಿದಾವೆ?” ಅಂತ ವಿಚಾರಿಸುತ್ತಾಳೆ.

ಅಮ್ಮಿಯ ಬಾಚಣಿಗೆ ಕಳಿಸಿ ಎಂದು ಕೇಳಿದ್ದೀಯೆ. ಕಡಲತೀರದ ಊರುಗಳಲ್ಲಿ ತೋರಿಸಿ, ಒಂದು ಜೀವ ಹೋಗಿ ಉಳಿದದ್ದು ಇಷ್ಟೇ ಎಂದು ಹೇಳಬೇಕು ಅಂತ. ನೀನು ಕಾಯುವ ಆಮೆ ಬೇರೆ, ಈ ಚಿಪ್ಪಿನ ಆಮೆ ಇನ್ನೂ ಅಪರೂಪ, ‘ಎಂಡೇಂಜರ್ಡ್’ ಅಂತಲೂ ಬರೆದಿದ್ದೀಯೆ. ಮದುವೆಯ ವರ್ಷ ಬೆಂಗಳೂರಿನಿಂದ ತಂದವನು ನಾನೇ. ಇಷ್ಟು ದಿನ ಎಮ್ಮೆಕೊಂಬು ಎಂದೇ ತಿಳಿದಿದ್ದೆ. ನಿನ್ನ ಕಾಗದ ಬಂದ ಮೇಲೆ, ಗೂಡನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ಕಿಟಕಿಗೆ ಹಿಡಿದೆ. ಜೇನಿನ ಬಣ್ಣ, ನಡುನಡುವೆ ಕಂದು ಮೋಡ. ಕೊಂಬು ಹಾಗಿರುವುದಿಲ್ಲ. ಕಣ್ಣು ಮುಚ್ಚುವ ತನಕ ಇಪ್ಪತ್ತಾರು ವರ್ಷ ನಿನ್ನ ಅಮ್ಮಿ ವಜೀರುನ್ನೀಸಾ ಬಾಗಿಲಲ್ಲಿ ಕೂತು ಅದರಲ್ಲೇ ತಲೆ ಬಾಚಿದಳು. ಈ ಮನೆಯಲ್ಲಿ ಅವಳ ಕೈಯಲ್ಲಿ ಸವೆದದ್ದು ಇನ್ನು ಅದೊಂದೇ. ನೀನೂ ದೂರ ಇದ್ದೀಯೆ. ಕೊಡಲಾರೆ ಬೇಟಿ, ಬೇರೆ ಏನಾದರೂ ಕೇಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನನ್ನೂ ನಿನ್ನ ಆಮೆಗಳನ್ನೂ ಆ ದೇವರು ಕಾಯಲಿ.

ನಿನ್ನ ಅಬ್ಬಾ,
ಖಲೀಮುಲ್ಲಾ

ತಾ.ಕ.: ಇದನ್ನು ಟಪಾಲಿಗೆ ಹಾಕಲು ಹೋದವನು ಡಬ್ಬಿಯ ಮುಂದಿನಿಂದ ವಾಪಸು ಬಂದೆ. ಬಾಚಣಿಗೆಯನ್ನು ಅವಳ ಹಳೆಯ ದುಪಟ್ಟಾದಲ್ಲಿ ಸುತ್ತಿ, ಕಾಗದವನ್ನೂ ಒಳಗಿಟ್ಟು ಪಾರ್ಸೆಲ್ ಮಾಡುತ್ತಿದ್ದೇನೆ. ತೋರಿಸು, ಯಾರದ್ದೆಂದೂ ಹೇಳು. ಹಲ್ಲುಗಳ ನಡುವೆ ಅವಳ ಮೂರು ಕೂದಲು ಸಿಕ್ಕಿಕೊಂಡಿದ್ದವು, ಬಿಡಿಸಿ ನಾನಿಟ್ಟುಕೊಂಡೆ. ನೂಲು ತೆಗೆದ ಕೈಯಲ್ಲವೇ, ಒಂದೂ ತುಂಡಾಗಲಿಲ್ಲ.